ಹತ್ತು ಗಂಟೆಯ ನೀರು

ಒದ್ದೆ ಬಟ್ಟೆಯಿಂದ ಸೋಲಾರ್ ಹಲಗೆಗಳನ್ನು ಒರೆಸುವಾಗ ಅವಳಿಗೆ ತನ್ನ ಮುಖ ಕಾಣುತ್ತಿತ್ತು. ನೀಲಿ ಗಾಜಿನೊಳಗೆ, ತೆಳುವಾದ ಬೆಳ್ಳಿ ಗೆರೆಗಳ ಹಿಂದೆ, ನಿದ್ದೆಗೆಟ್ಟು ಉಬ್ಬಿದ ಮುಖ. ಒರೆಸಿದಷ್ಟೂ ಅದು ಸ್ಪಷ್ಟವಾಗುತ್ತಿತ್ತು. ಅದನ್ನು ನೋಡಬಾರದೆಂದೇ ಅವಳು ಹಲಗೆಯ ಅಂಚಿಗೆ ಒಣಗಿ ಅಂಟಿದ್ದ ಹಕ್ಕಿಯ ಹಿಕ್ಕೆಯನ್ನು ಉಗುರಿನಿಂದ ಕೆರೆಯತೊಡಗಿದಳು. ಈ ಒರೆಸುವ ಕೆಲಸ ಯಾರೋ ಹೇಳಿ ಅವಳ ಪಾಲಿಗೆ ಬಂದದ್ದಲ್ಲ. ಪಂಪು ಕೂರಿಸಿದ ದಿನ ಕಂಪನಿಯ ಫಿಟ್ಟರು, "ಆಗಾಗ ಧೂಳು ಒರೆಸ್ತಾ ಇರ್ಬೇಕು, ಯಾರು ನೋಡ್ಕೊಳ್ತೀರಿ?" ಎಂದು ಕೇಳಿದಾಗ ಎಲ್ಲರೂ ಸುಮ್ಮನಾದರು. ಭಾವ, ಗಂಡನ ಅಣ್ಣ, ಅವಳ ಕಡೆ ತಿರುಗಿಯೂ ನೋಡಲಿಲ್ಲ. ಆದರೂ ಆ ಮೌನ ಒಂದು ಪೊರಕೆಯ ಹಾಗೆ ನೇರವಾಗಿ ಅವಳ ಕೈಗೇ ಬಂದಿತ್ತು. ಈಗ ಅದೇ ಭಾವ, ನೀರು ಸಾಲದೆಂದು, ಕೊಳವೆಬಾವಿಯ ಮೋಟಾರು ಎತ್ತುವವನನ್ನು ಕರೆತರಲು ಹೋಗಿದ್ದಾನೆ. ಗಾಜು ಹೊಳೆಯುತ್ತಿದ್ದರೆ ಕೊನೆಗೆ ಒರೆಸಿದವಳ ಮೇಲಾದರೂ ತಪ್ಪು ಬರಲಾರದು ಎಂದುಕೊಂಡಳು. ಮರುಕ್ಷಣವೇ ಆ ಯೋಚನೆಗೆ ತಾನೇ ನಾಚಿ ಬಟ್ಟೆಯನ್ನು ಹಿಂಡಿದಳು. ಕೆಂಪು ನೀರು ಹಲಗೆಯ ಕಂಬಿಗುಂಟ ಇಳಿದು ಮಣ್ಣು ಸೇರಿತು.

ಮೂರು ತುಂಡು ಜಮೀನಿಗೆ ಒಂದೇ ಕೊಳವೆಬಾವಿ. ಭಾವನದು ಮೆಣಸಿನ ಗಿಡ, ಅವಳದು ನೆರಳುಬಲೆಯ ಕೆಳಗೆ ತಟ್ಟೆಗಳಲ್ಲಿ ಬೆಳೆಸುವ ತರಕಾರಿ ಸಸಿ, ಆಚೆ ಬದುವಿನವನದು ಬೀನ್ಸು. ಆಚೆಯವನಿಗೆ ಎಲ್ಲರೂ ಇಟ್ಟ ಹೆಸರು ರೇಡಿಯೋ. ಬೆಳಿಗ್ಗೆ ಬಾಯಿ ತೆರೆದರೆ ಕತ್ತಲಾದ ಮೇಲೆಯೇ ಮುಚ್ಚುವುದು, ನಡುವೆ ಕೆಮ್ಮಿದಾಗ ಮಾತ್ರ ವಿರಾಮ. ಕರೆಂಟಿನ ಕಾಲದಲ್ಲಿ ನಸುಕಿನಲ್ಲಿ ಬರುತ್ತಿದ್ದ ಕರೆಂಟು ಮೊದಲ ಸರದಿಯವರಿಗಷ್ಟೇ ಪೂರ್ತಿ ಸಿಗುತ್ತಿತ್ತು. ಆಮೇಲಿನವರಿಗೆ ಬರುವಷ್ಟರಲ್ಲಿ ಮೋಟಾರು ಗೊರಗೊರ ಅನ್ನುತ್ತಿತ್ತು, ಇಲ್ಲವೇ ತಂತಿ ಸತ್ತಿರುತ್ತಿತ್ತು. ಹಾಗಾಗಿ ಸೋಲಾರು ಬಂದಾಗ ಭಾವ ಹಿರಿಯನೆಂಬ ಹಕ್ಕಿನಿಂದ ಮೊದಲ ಸರದಿ ಹಿಡಿದ, ಏಳರಿಂದ ಹತ್ತು. ಹತ್ತರಿಂದ ಒಂದು ಅವಳಿಗೆ, ಒಂದರಿಂದ ನಾಲ್ಕು ರೇಡಿಯೋಗೆ. "ನಿನಗೇನಮ್ಮ, ಗಂಡ ಲಾರಿ ಮೇಲೆ ಊರೂರು ಸುತ್ತುತ್ತಾನೆ. ಮಧ್ಯಾಹ್ನ ಅಡುಗೆ ಮಾಡಿ ಬಡಿಸೋಕೆ ಯಾರಿದ್ದಾರೆ? ಬಿಸಿಲಲ್ಲಿ ನಿಂತ್ಕೊ," ಎಂದಿದ್ದ ಭಾವ. ಅದು ತಮಾಷೆಯೆಂಬಂತೆ ನಾಲ್ಕು ಜನ ನಕ್ಕರು. ಅವಳೂ ನಕ್ಕಳು. ಹಾಗೆ ನಕ್ಕಿದ್ದನ್ನು ಈಗ ನೆನೆದರೂ ಕೆನ್ನೆ ಬಿಸಿಯಾಗುತ್ತದೆ. "ಬಿಸಿಲು ಎಷ್ಟೋ ನೀರು ಅಷ್ಟು, ತಿಳೀತಾ?" ಎಂದು ಫಿಟ್ಟರು ಅಂದೇ ಹೇಳಿದ್ದ. ಎಲ್ಲರೂ ತಲೆಯಾಡಿಸಿದರು. ಕರೆಂಟು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಬಿಸಿಲೂ ಹಾಗೆಯೇ ಎಂದುಕೊಂಡೇ ಅವರು ತಲೆಯಾಡಿಸಿದ್ದು ಎಂಬುದು ಅವಳಿಗೆ ಆಮೇಲೆ ಹೊಳೆಯಿತು.

ಅವಳಿಗೆ ಮೊದಲ ದಿನವೇ ಗೊತ್ತಾಗಿಬಿಟ್ಟಿತು. ಭಾವ ಹತ್ತು ಗಂಟೆಗೆ ತನ್ನ ವಾಲ್ವು ತಿರುಗಿಸಿ ಪೇಟೆಯ ಹೊಲಿಗೆ ಅಂಗಡಿಗೆ ಸೈಕಲ್ಲೇರಿದ. ಅವಳು ತನ್ನದನ್ನು ತಿರುಗಿಸಿ, ಹನಿಯುವ ನೀರಿಗಾಗಿ ಬಕೆಟ್ಟು ಹಿಡಿದು ಕೂತಳು. ನೀರು ಮೊದಲು ಬೆರಳಿನಷ್ಟು ಬಂತು. ಸೂರ್ಯ ಏರಿದಂತೆ ಮಣಿಕಟ್ಟಿನಷ್ಟಾಯಿತು, ನೆತ್ತಿಗೆ ಬರುವ ಹೊತ್ತಿಗೆ ಪೈಪಿನ ಬಾಯಿ ತುಂಬಿ, ಬಕೆಟ್ಟನ್ನೇ ತಳ್ಳಿಕೊಂಡು ಹೋಯಿತು. ಅವಳು ಕಾಲು ನೆನೆಸಿಕೊಂಡು ಸುಮ್ಮನೆ ನಿಂತಳು. ಹಳೆಯದೆಂದು ಯಾರೋ ಎಸೆದುಕೊಟ್ಟ ಕೋಟಿನ ಜೇಬಿನಲ್ಲಿ ಚಿನ್ನದ ಗುಂಡಿ ಸಿಕ್ಕಿದಂತಾಗಿತ್ತು. ಕೂಗಿ ಹೇಳಬೇಕೆನಿಸಿತು. ಕೂಗಲು ಬಾಯಿ ತೆರೆದಾಗ, ನಕ್ಕ ನಾಲ್ಕು ಬಾಯಿಗಳು ನೆನಪಾಗಿ ತನ್ನದನ್ನು ಮುಚ್ಚಿಕೊಂಡಳು. ಮರುದಿನ ಹೇಳಿದರಾಯಿತು ಅಂದುಕೊಂಡಳು. ಮರುದಿನ, ಇನ್ನೆರಡು ದಿನ ನೋಡೋಣ ಎಂದಳು. ಆ ನೀರಿನಲ್ಲಿ ಟೊಮೆಟೊ, ಎಲೆಕೋಸು, ಬದನೆ ಸಸಿಗಳು ಕಡ್ಡಿಯ ಹಾಗೆ ನೆಟ್ಟಗೆ ಎದ್ದವು. ಸುತ್ತಲಿನ ಊರಿನವರು ಬೈಕಿನಲ್ಲಿ ಬಂದು ತಟ್ಟೆ ತಟ್ಟೆಯೇ ಒಯ್ಯತೊಡಗಿದರು. ಲಾರಿಯವನ ಹೆಂಡತಿ, ದರ್ಜಿಯ ತಮ್ಮನ ಹೆಂಡತಿ ಎಂದು ಕರೆಸಿಕೊಳ್ಳುತ್ತಿದ್ದವಳು ಮೊದಲ ಬಾರಿಗೆ ತನ್ನದೇ ಕೆಲಸದಿಂದ ಸಸಿಯಮ್ಮ ಆದಳು. ಅಷ್ಟರಲ್ಲಿ ಭಾವನ ಮೆಣಸಿನ ಎಲೆ ಕೆಳಗಿನಿಂದ ಹಳದಿಯಾಗುತ್ತಾ ಬಂದಿತ್ತು. ಹಲಗೆ ಒರೆಸುವ ಏಣಿಯ ಮೇಲಿಂದ ಅದು ಚೆನ್ನಾಗಿ ಕಾಣುತ್ತಿತ್ತು. ಪ್ರತಿ ಸಲ ಏಣಿ ಹತ್ತಿದಾಗಲೂ ಆ ಹಳದಿ ಒಂದು ಎಲೆಯಷ್ಟು ಮೇಲೆ ಹತ್ತಿರುತ್ತಿತ್ತು, ಅವಳೊಂದಿಗೇ ಏಣಿ ಹತ್ತುತ್ತಿರುವಂತೆ. ನಾನು ಕದ್ದಿಲ್ಲವಲ್ಲ ಎಂದು ಅವಳು ಬಟ್ಟೆಗೆ ಹೇಳಿಕೊಳ್ಳುತ್ತಿದ್ದಳು. ಅವರೇ ಕೊಟ್ಟರು, ಅವಮಾನ ಅಂತ ಕೊಟ್ಟರು, ನಾನು ತೆಗೆದುಕೊಂಡೆ.

ಒಂದು ದಿನ ಗಂಡನಿಗೆ ಊಟ ಒಯ್ಯುವ ಮೊದಲು ಸೊಪ್ಪು ಕೀಳಲು ಬಂದ ಓರಗಿತ್ತಿ, ಭಾವನ ಹೆಂಡತಿ, ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದ್ದಳು. "ನಿನ್ನ ಪೈಪು ನಗುತ್ತೆ ಕಣೇ. ನಮ್ಮದು ಕೆಮ್ಮುತ್ತೆ," ಎಂದಿದ್ದಳು. ಅಷ್ಟೇ. ಅದರಲ್ಲಿ ಕೊಂಕಿತ್ತೋ ಇಲ್ಲವೋ ತಿಳಿಯಲಿಲ್ಲ. ಆ ಮಾತು ಎಷ್ಟೋ ರಾತ್ರಿ ಅವಳ ದಿಂಬಿನ ಕೆಳಗೆ ಇತ್ತು. ನಿನ್ನೆ ಸಂಜೆ ಭಾವ ಅವಳ ಅಂಗಳಕ್ಕೆ ಬಂದು, ಕೂರದೆ ನಿಂತೇ, ನಾಳೆ ಮೋಟಾರು ಎತ್ತಿಸುತ್ತೇನೆ ಎಂದಾಗ ಅವಳು ಗಂಡನಿಗೆ ಫೋನು ಮಾಡಿದಳು. ಎಲ್ಲೋ ಹೆದ್ದಾರಿಯ ಪಕ್ಕ ಟೀ ಕುಡಿಯುತ್ತಿದ್ದವನು ಎಲ್ಲವನ್ನೂ ಕೇಳಿಸಿಕೊಂಡ.

"ನೀನು ಸುಮ್ನಿದ್ದುಬಿಡು," ಎಂದ.

"ಮೋಟಾರಲ್ಲಿ ಏನೂ ಕೆಟ್ಟಿಲ್ಲ ಅಂತ ನನಗೆ ಗೊತ್ತಿದೆಯಲ್ಲ."

"ಗೊತ್ತಿದ್ರೆ ಏನೀಗ? ಅಣ್ಣನಿಗೆ ಹೇಳಿದ್ರೆ ನಾಳೆಯೇ ಹತ್ತು ಗಂಟೆ ಅವನದಾಗುತ್ತೆ. ನಿನ್ನ ಸಸಿ ನೆಲ ಕಚ್ಚುತ್ತೆ. ಹೇಳದಿದ್ರೆ ಎತ್ತಿಸ್ತಾನೆ, ಏನೂ ಸಿಗಲ್ಲ, ಇಳಿಸ್ತಾನೆ. ಎರಡು ದಿನದ ಮಾತು."

"ಎರಡು ದಿನ ನೀರಿಲ್ಲದೆ ತಟ್ಟೆಯಲ್ಲಿರೋ ಸಸಿ ಬದುಕುತ್ತಾ?"

"ನನ್ನನ್ನ ಕೇಳಿದ್ರೆ? ನಾನು ಸ್ಟೇರಿಂಗ್ ಹಿಡಿಯೋನು," ಎಂದು ಅವನು ನಕ್ಕ. ಆ ನಗುವಿನಲ್ಲಿ ಅವಳ ಮೇಲೆ ಪ್ರೀತಿ ಇತ್ತು. ಸಹಾಯ ಇರಲಿಲ್ಲ.

ಏಣಿಯಿಂದ ಇಳಿದು ಬಟ್ಟೆಯನ್ನು ಕಂಬಕ್ಕೆ ನೇತುಹಾಕುವಷ್ಟರಲ್ಲಿ ಗಾಡಿ ಬಂತು. ಹಿಂದೆ ಮೂರು ಕಬ್ಬಿಣದ ಕಂಬ, ಸರಪಳಿ, ಇಬ್ಬರು ಆಳು. ಮೋಟಾರು ಎತ್ತುವವನು ಮುಂದಿನ ಸೀಟಿನಿಂದ ಒಂದೊಂದೇ ಕಾಲು ಇಳಿಸಿ, ಕೊಳವೆಬಾವಿಯನ್ನು ಪರಿಚಿತ ರೋಗಿಯನ್ನು ನೋಡುವಂತೆ ನೋಡಿದ. ಭಾವ ಸೈಕಲ್ಲು ಒರಗಿಸಿ ತನ್ನ ಸರದಿಯ ಪೈಪನ್ನು ಎತ್ತಿ ಹಿಡಿದ.

"ನೋಡಿ ಇವರೇ, ಇದು ನೀರಾ? ಹಸುವಿನ ಬಾಯಿಂದ ಜೊಲ್ಲು ಇದಕ್ಕಿಂತ ಜೋರಾಗಿ ಸುರಿಯುತ್ತೆ."

"ಎತ್ತಿದ್ರೆ ಗೊತ್ತಾಗುತ್ತೆ," ಎಂದ ಅವನು.

"ಏನಾಗಿರಬಹುದು?"

"ಎತ್ತಿದ್ರೆ ಗೊತ್ತಾಗುತ್ತೆ."

ಬೀನ್ಸಿನ ಕಡೆಯಿಂದ ರೇಡಿಯೋ ಆಗಲೇ ಮಾತಾಡಿಕೊಂಡೇ ಬರುತ್ತಿದ್ದ. "ಎತ್ತಿ ಸ್ವಾಮಿ, ಎತ್ತಿ. ಇವರ ಹತ್ತಿರ ಬಾಯಿಬೇನೆ ಅಂತ ಹೋದ್ರೂ ಮೋಟಾರು ಎತ್ತುತ್ತಾರೆ." ಆಳುಗಳು ನಕ್ಕರು. ಭಾವ ನಗಲಿಲ್ಲ. ಅವನು ಅವಳ ವಾಲ್ವಿನ ಕಡೆ ಕೈ ತೋರಿಸಿದ, ಅವಳ ಕಡೆ ಅಲ್ಲ. "ಹೇಗೂ ಪೈಪು ಬಿಚ್ತೀರಿ, ಈ ಸಸಿ ಲೈನನ್ನ ಖಾಯಂ ಮುಚ್ಚಿಬಿಡಿ. ನನ್ನ ಸರದಿ ನೀರು ಸೋರೋದು ಇದರಲ್ಲೇ. ಆ ತಟ್ಟೆಗಳಿಗೆ ಎಷ್ಟು ಬೇಕು? ನಾಲ್ಕು ಬಿಂದಿಗೆ. ಹೊತ್ತು ಹಾಕ್ಲಿ." ಮೋಟಾರು ಎತ್ತುವವನು ಮೊಣಕಾಲೂರಿ ಅವಳ ವಾಲ್ವಿನ ಮೇಲೆ ಬೆರಳಾಡಿಸಿದ. ಅದು ಬಿಗಿಯಾಗಿ ಮುಚ್ಚಿತ್ತು, ಒಣಗಿತ್ತು. ಅವನು ಅದನ್ನು ನೋಡಿದ, ಏನೂ ಹೇಳಲಿಲ್ಲ. ಎತ್ತುವ ಕೆಲಸ ಸಿಕ್ಕಿರುವಾಗ ಹೇಳಬೇಕಾದ್ದೇನೂ ಇರಲಿಲ್ಲ.

ಅವಳಿಗೆ ವಿಚಿತ್ರವೆನಿಸಿದ್ದು, ತನ್ನೊಳಗೆ ಸಿಟ್ಟಿಗಿಂತ ಮೊದಲು ಒಂದು ಸಮಾಧಾನ ಹುಟ್ಟಿದ್ದು. ಕಳ್ಳಿ ಎಂದಂತೆಯೇ ಆಯಿತಲ್ಲ. ಕದಿಯದ್ದಕ್ಕೆ ಕಳ್ಳಿಯೆಂದರೆ, ಮುಚ್ಚಿಟ್ಟದ್ದಕ್ಕೆ ಅದು ವಜಾ ಆದಂತೆ. ಇನ್ನು ಸುಮ್ಮನಿದ್ದರೂ ತಪ್ಪು ಅವನದೇ. ಈ ಲೆಕ್ಕ ಎಷ್ಟು ಸಲೀಸಾಗಿ ಕೂಡಿಬಂತೆಂದರೆ ಅವಳಿಗೆ ಭಯವಾಯಿತು. ಹೀಗೆಯೇ ತಾನೆ ಭಾವನೂ ಅಂದು ಮಧ್ಯಾಹ್ನವನ್ನು ತನಗೆ ಕೊಟ್ಟದ್ದು, ನ್ಯಾಯವಾಗಿ, ಹಿರಿಯನಾಗಿ, ನಗುತ್ತಾ? ಬಲೆಯ ಕೆಳಗೆ ಸಸಿಗಳು ಸಣ್ಣ ಗಾಳಿಗೆ ಒಟ್ಟಿಗೇ ಬಾಗಿ ಒಟ್ಟಿಗೇ ಎದ್ದವು. ಒಂದೊಂದು ಸಸಿಯ ಬುಡದಲ್ಲಿ ಹೆಬ್ಬೆರಳಿನಷ್ಟು ಮಣ್ಣು, ಮಧ್ಯಾಹ್ನದೊಳಗೆ ಬೆಲ್ಲದ ಪುಡಿಯಂತೆ ಒಣಗುವ ಮಣ್ಣು. ಹೇಳಿದರೆ ಹತ್ತು ಗಂಟೆ ಹೋಗುತ್ತದೆ, ಹೇಳದಿದ್ದರೆ ಲೈನೇ ಹೋಗುತ್ತದೆ. ಇವೆರಡರ ನಡುವೆ ತಾನು ಇದುವರೆಗೆ ಕಾಣದ ಮೂರನೆಯದೊಂದು ಇರಲೇಬೇಕು. ಹೇಳಬೇಕು, ಬಿಟ್ಟುಕೊಡಬಾರದು. ಅದು ಇಷ್ಟು ಸರಳವೇ ಎಂದು ಬೆರಗಾಗುತ್ತಲೇ ಅವಳು ಆಳುಗಳು ನಿಲ್ಲಿಸುತ್ತಿದ್ದ ಕಬ್ಬಿಣದ ಕಂಬವನ್ನು ಕೈಯಲ್ಲಿ ಹಿಡಿದಳು.

"ಭಾವ, ಇವತ್ತು ಅಂಗಡಿಗೆ ಹೋಗ್ಬೇಡಿ."

"ಯಾಕೆ? ಶಾಲೆ ಯೂನಿಫಾರ್ಮು ರಾಶಿ ಬಿದ್ದಿದೆ. ಯಾರು ಹೊಲಿಯೋದು, ನೀನಾ?"

"ಮಧ್ಯಾಹ್ನದ ತನಕ ಇಲ್ಲಿರಿ. ಅಲ್ಲೀವರೆಗೆ ಮೋಟಾರಿಗೆ ಯಾರೂ ಕೈ ಹಚ್ಚೋದು ಬೇಡ."

"ಮಧ್ಯಾಹ್ನ ಏನಿದೆ?"

"ನೀರಿದೆ," ಎಂದಳು.

ಭಾವ ಮೊದಲ ಬಾರಿಗೆ ಅವಳ ಮುಖ ನೋಡಿದ. ಅವಳು ಮೂಲೆಯಲ್ಲಿದ್ದ ನೀಲಿ ಡ್ರಮ್ಮನ್ನು ಉರುಳಿಸಿಕೊಂಡು ಬಂದು ಭಾವನ ಪೈಪಿನ ಕೆಳಗೆ ನಿಲ್ಲಿಸಿದಳು. "ಇದು ತುಂಬೋಕೆ ಎಷ್ಟು ಹೊತ್ತು ಬೇಕು ನೋಡಿ." ಮೋಟಾರು ಎತ್ತುವವನು ನೆರಳು ಹುಡುಕಿ ಕುಳಿತ. ಕಾಯುವುದಕ್ಕೂ ಅವನ ಕೂಲಿ ಓಡುತ್ತಿತ್ತು. ರೇಡಿಯೋ ತನ್ನ ಹಸು ಪಕ್ಕದವನ ಬೇಲಿ ಮುರಿದ ಕಥೆ ಶುರು ಮಾಡಿದ. ಹಸು ಬೇಲಿ ಮುರಿಯಿತು, ಪಕ್ಕದವನು ಬೈದ, ಇವನು ತಿರುಗಿ ಬೈದ, ಪಂಚಾಯಿತಿಗೆ ದೂರು ಹೋಯಿತು, ಹಿರಿಯರು ಬಂದರು, ಬೇಲಿ ಮೊದಲೇ ಮುರಿದಿತ್ತೆಂದು ಸಾಬೀತಾಯಿತು, ಇಬ್ಬರೂ ಒಟ್ಟಿಗೆ ಟೀ ಕುಡಿದರು. ಡ್ರಮ್ಮು ಇನ್ನೂ ಅರ್ಧಕ್ಕೆ ಬಂದಿರಲಿಲ್ಲ. ಆ ಇಡೀ ಕಥೆಯಲ್ಲಿ ರೇಡಿಯೋ ಒಮ್ಮೆಯೂ ತನ್ನ ಕಣ್ಣಿಗೆ ಕಣ್ಣು ಕೊಟ್ಟು ನೋಡದಿದ್ದುದನ್ನು ಅವಳು ಗಮನಿಸಿದಳು. ಥಟ್ಟನೆ ಅರ್ಥವಾಯಿತು. ಒಂದು ಗಂಟೆಗೆ ಶುರುವಾಗುವ ಅವನ ನೀರು ಹನ್ನೆರಡರ ನೀರಿನ ಬೆನ್ನಿಗೇ, ಅಷ್ಟೇ ಜೋರಾಗಿ ಬರುವುದು. ಊರಿನ ಎಲ್ಲ ಸುದ್ದಿ ಬಿತ್ತರಿಸುವವನು ಇದೊಂದನ್ನು ಬಾಯಿ ಬಿಟ್ಟಿರಲಿಲ್ಲ. ತಾನೊಬ್ಬಳೇ ಅಲ್ಲವೆಂಬುದು ಸಮಾಧಾನವಾಗಬೇಕಿತ್ತು. ಬದಲಿಗೆ ಕೊಳಕು ನೀರಿನಲ್ಲಿ ಇನ್ನೊಬ್ಬರ ಕಾಲು ತಗುಲಿದಂತಾಗಿ ಅವಳು ಸ್ವಲ್ಪ ಸರಿದು ಕುಳಿತಳು.

ಹೊತ್ತು ಏರಿತು. ಭಾವ ಮೆಣಸಿನ ಸಾಲುಗಳಲ್ಲಿ ಓಡಾಡಿ, ಹಳದಿ ಎಲೆ ಕಿತ್ತು ಜೇಬಿಗೆ ಹಾಕಿಕೊಂಡ. ಅಳತೆಯ ಚೂರು ಬಟ್ಟೆಗಳನ್ನು ಹಾಕಿಕೊಳ್ಳುವ ಅಭ್ಯಾಸ. ಯಾರನ್ನಾದರೂ ಒಮ್ಮೆ ನೋಡಿದರೆ ಸೊಂಟದ ಸುತ್ತಳತೆ ಹೇಳಬಲ್ಲವನು, ಟೇಪು ಬೇಕಿಲ್ಲ. ಆದರೆ ತನ್ನ ಹೊಲವನ್ನು ಮಧ್ಯಾಹ್ನದಲ್ಲಿ ನೋಡಿದವನೇ ಅಲ್ಲ. ಅವನು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದ ರೀತಿ ಹೊಸ ಊರಿಗೆ ಬಂದವನ ಹಾಗಿತ್ತು. ಅವನ ಕುತ್ತಿಗೆಯ ಹಿಂದಿನ ಚರ್ಮ ಎಷ್ಟು ಬೆಳ್ಳಗಿದೆ, ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಬಗ್ಗಿ ಬಗ್ಗಿ ಅದು ಬಿಸಿಲೇ ಕಂಡಿಲ್ಲ ಎಂದು ಅವಳು ನೋಡುತ್ತಿದ್ದಾಗ ಪೈಪು ಕೊಸರಿತು. ಅವಳು ಎದ್ದು ಡ್ರಮ್ಮನ್ನು ಖಾಲಿ ಮಾಡಿ, ಅದೇ ಪೈಪಿನ ಕೆಳಗೆ, ಅದೇ ಜಾಗದಲ್ಲಿ ಇಟ್ಟಳು. "ಅದೇ ಕಥೆ ಹೇಳಿ ರೇಡಿಯೋ ಅಣ್ಣ," ಎಂದಳು. "ಮೊದಲಿಂದ."

"ಮತ್ತೆ ಅದೇನಾ? ಆಗಲಿ. ನನ್ನ ಹಸು ಇದೆಯಲ್ಲ, ಅದು ಆವತ್ತು ಬೆಳಿಗ್ಗೆ..."

ಹಸು ಬೇಲಿಯ ಹತ್ತಿರ ತಲುಪುವ ಮೊದಲೇ ಡ್ರಮ್ಮು ತುಂಬಿ ಸುತ್ತಲೂ ಸುರಿಯಿತು. ಆಗ ಎಲ್ಲಿಂದಲೋ ಬಂದ ಒಂಟಿ ಮೋಡದ ನೆರಳು ಹೊಲದ ಮೇಲೆ ಹರಿದು ಬಂತು, ಮೆಣಸು ದಾಟಿ, ಬಲೆ ದಾಟಿ, ಹಲಗೆಗಳ ಮೇಲೆ ಬಂದಿತು. ನೀರು ಬೆರಳಿನಷ್ಟಕ್ಕೆ ಇಳಿಯಿತು. ನೆರಳು ಹೋಯಿತು. ನೀರು ಉಬ್ಬಿತು. ಭಾವ ಹಲಗೆ ನೋಡಿದ, ಪೈಪು ನೋಡಿದ, ಮತ್ತೆ ಹಲಗೆ ನೋಡಿದ. ಸೂಜಿ ಚುಚ್ಚಿ ಒರಟಾದ ಬೆರಳುಗಳನ್ನು ನೀರಿಗೆ ಒಡ್ಡಿದ. ನೀರು ಆ ಕೈಯನ್ನು ಬದಿಗೆ ತಳ್ಳಿತು.

"ನಿನಗೆ ಗೊತ್ತಿತ್ತು," ಎಂದ ಮೆಲ್ಲಗೆ.

"ಗೊತ್ತಿತ್ತು ಭಾವ. ಮೊದಲ ದಿನದಿಂದ."

"ನನ್ನ ಗಿಡ ಹಳದಿಯಾಗೋದನ್ನ ಏಣಿ ಮೇಲಿಂದ ನೋಡ್ಕೊಂಡು ಗಾಜು ಒರೆಸ್ತಿದ್ದೆ."

ಆ ಮಾತು ಸರಿಯಾದ ಜಾಗಕ್ಕೇ ಬಿತ್ತು. ಅವಳು ತಾನೇ ತನಗೆ ಹೇಳಿಕೊಂಡಿದ್ದ ಮಾತುಗಳಲ್ಲೆಲ್ಲ ಇದಕ್ಕಿಂತ ಸರಿಯಾದದ್ದು ಇರಲಿಲ್ಲ. "ಹೌದು," ಎಂದಳು. ಆ ಒಂದು ಪದಕ್ಕೆ ಇನ್ನೇನನ್ನೂ ಸೇರಿಸಬಾರದೆಂದು ಹಲ್ಲು ಕಚ್ಚಿಕೊಂಡಳು. ಕಾರಣ, ನಗು, ಅಡುಗೆಯ ಮಾತು, ಯಾವುದನ್ನೂ.

"ನಾಳೆಯಿಂದ ಹತ್ತು ಗಂಟೆ ನಂದು."

"ಇಲ್ಲ."

ಮದುವೆಯಾಗಿ ಬಂದ ಮೇಲೆ ಭಾವನಿಗೆ ಅವಳು ಹೇಳಿದ ಮೊದಲ ಇಲ್ಲ ಅದು. ಅದು ಗಂಟಲಿನಿಂದ ಬಂದಾಗ ಬಹಳ ದಿನ ಬಳಸದ ನಲ್ಲಿಯ ಹಾಗೆ ಸ್ವಲ್ಪ ತುಕ್ಕು ಕಲೆತಿತ್ತು. "ಈ ವಾರ ಹತ್ತು ಗಂಟೆ ನಿಮ್ಮದು. ಏಳು ಗಂಟೆ ನನ್ನದು. ಮುಂದಿನ ವಾರ ಹತ್ತು ಗಂಟೆ ರೇಡಿಯೋ ಅಣ್ಣಂದು. ಆಮೇಲಿನ ವಾರ ನನ್ನದು. ಹೀಗೇ ತಿರುಗಲಿ. ನನ್ನ ಲೈನು ಯಾರೂ ಮುಚ್ಚಲ್ಲ."

"ದೊಡ್ಡವನು ನಾನು."

"ದೊಡ್ಡವರು ಅಂತಲೇ ನೀವು ಮೊದಲು ಆರಿಸ್ಕೊಂಡ್ರಿ. ನಿಮ್ಮ ಕೈಯಿಂದ ನಾನು ಏನೂ ಕಿತ್ಕೊಂಡಿಲ್ಲ."

"ನನ್ನನ್ನ ಯಾಕಮ್ಮ ಇದರಲ್ಲಿ ಎಳೀತೀಯ?" ಎಂದ ರೇಡಿಯೋ. ಭಾವ ಅವನ ಕಡೆ ತಿರುಗಿದ. "ನಿನಗೂ ಗೊತ್ತಿತ್ತಾ?" ರೇಡಿಯೋ ದೂರದಲ್ಲಿ ಮೇಯುತ್ತಿದ್ದ ತನ್ನ ಹಸುವನ್ನು ಬಹಳ ಆಸಕ್ತಿಯಿಂದ ನೋಡಿದ. ಆಗಲೇ ಊಟದ ಡಬ್ಬಿ ಹಿಡಿದು ಬದುವಿನ ಮೇಲೆ ಬಂದಿದ್ದ ಓರಗಿತ್ತಿ, "ನನಗೂ ಗೊತ್ತಿತ್ತು," ಎಂದಳು. ಎಲ್ಲರೂ ತಿರುಗಿದರು. "ಹೇಳಿದ್ರೆ ನೀವು ಕೇಳ್ತಿದ್ರಾ? ಮೊದಲ ಸರದಿ ನಂದು, ಮೊದಲ ಸರದಿ ನಂದು ಅಂತ ಮನೆ ತುಂಬ ಓಡಾಡ್ತಿದ್ರಿ. ಬನ್ನಿ, ಊಟ ಮಾಡಿ. ಅವಳು ಹೇಳಿದ್ದು ಸರಿಯಾಗೇ ಇದೆ."

ಭಾವ ಮಧ್ಯೆ ನಿಂತಿದ್ದ. ಎಲ್ಲರಿಗೂ ಗೊತ್ತಿದ್ದು ತನಗೊಬ್ಬನಿಗೇ ಗೊತ್ತಿಲ್ಲದವನ ಮುಖ ಹೇಗಿರುತ್ತದೆಂಬುದನ್ನು ಅವಳು ಹತ್ತಿರದಿಂದ ನೋಡಿದಳು. ತುಟಿಯ ಒಂದು ಕೊನೆ ನಗಲು ಹೊರಟು ಅಲ್ಲೇ ನಿಂತಿತ್ತು. ಆ ನಗೆ ಅವಳಿಗೆ ಗೊತ್ತಿತ್ತು. ನಾಲ್ಕು ಜನ ನಕ್ಕಾಗ ಐದನೆಯವರು ನಗುವ ನಗೆ. ಗೆದ್ದ ಖುಷಿ ಬರಬೇಕಾಗಿದ್ದ ಜಾಗದಲ್ಲಿ ಕನಿಕರ ಬಂತು. ಆದರೂ ಅವಳು ವಾಲ್ವಿನ ಮೇಲಿಟ್ಟ ಅಂಗೈ ತೆಗೆಯಲಿಲ್ಲ. ಕನಿಕರವೇ ಬೇರೆ, ನೀರೇ ಬೇರೆ. ಅವೆರಡನ್ನೂ ಬೆರೆಸಿದರೆ ತಾನು ಮತ್ತೆ ಬಿಂದಿಗೆ ಹೊರಬೇಕಾಗುತ್ತದೆ. ಕಂಬದ ಮೇಲಿನ ಬಟ್ಟೆ ತೆಗೆದು ಚಾಚಿದಳು.

"ಇನ್ನೊಂದು ಮಾತು. ಹತ್ತು ಗಂಟೆ ಯಾರದೋ, ಗಾಜು ಒರೆಸೋದು ಅವರು."

ಭಾವ ಬಟ್ಟೆ ತೆಗೆದುಕೊಳ್ಳಲಿಲ್ಲ. ಮೋಟಾರು ಎತ್ತುವವನಿಗೆ ಬಂದ ಕೂಲಿ ಕೊಟ್ಟು, ಊಟದ ಡಬ್ಬಿಯನ್ನೂ ಮುಟ್ಟದೆ ಸೈಕಲ್ಲೇರಿದ. "ಎತ್ತಿದ್ರೆ ಗೊತ್ತಾಗ್ತಿತ್ತು," ಎಂದು ಗೊಣಗುತ್ತಾ ಎತ್ತುವವನು ಕಂಬಗಳನ್ನು ಗಾಡಿಗೆ ಹಾಕಿಸಿದ.

ಮರುದಿನ ಏಳು ಗಂಟೆಗೆ ಅವಳು ತನ್ನ ವಾಲ್ವು ತಿರುಗಿಸಿ ಪೈಪಿನ ಮುಂದೆ ಮಂಡಿಯೂರಿದಳು. ಪೈಪು ಕೆಮ್ಮಿತು, ಗಾಳಿ ಉಗುಳಿತು, ಮತ್ತೆ ಕೆಮ್ಮಿತು. ಬೆಳೆದ ಸಸಿಗಳ ತಟ್ಟೆಗಳನ್ನು ಹಿಂದಕ್ಕೂ ಮೊಳಕೆಯವನ್ನು ಮುಂದಕ್ಕೂ ಸರಿಸಿಟ್ಟಿದ್ದಳು. ಇಷ್ಟು ನೀರಿನಲ್ಲಿ ಯಾರು ಮೊದಲು ಕುಡಿಯಬೇಕೆಂದು ರಾತ್ರಿಯೇ ನಿರ್ಧರಿಸಿಯಾಗಿತ್ತು. ವಾರ ಕಷ್ಟ ಆಗುತ್ತದೆ, ಒಂದಷ್ಟು ತಟ್ಟೆ ಹೋಗಬಹುದು, ಹೋಗಲಿ, ಉಳಿದವನ್ನು ನಿಲ್ಲಿಸುತ್ತೇನೆ. ದಾರದಂಥ ನೀರು ಕೊನೆಗೂ ಬಂದು ಅವಳ ಅಂಗೈಯಲ್ಲಿ ನಿಂತಿತು. ಆ ದಾರ ಇದ್ದಕ್ಕಿದ್ದಂತೆ ಕಡಿಯಿತು. ಮೋಡವೇ ಎಂದು ತಲೆ ಎತ್ತಿದಳು. ಆಕಾಶ ಖಾಲಿ ಇತ್ತು. ಏಣಿಯ ಮೇಲೆ ಭಾವ ಇದ್ದ. ಅವನ ಕೈಯಲ್ಲಿ ಬಿಳಿ ಬಟ್ಟೆ, ಯೂನಿಫಾರ್ಮಿನದೇ ಇರಬೇಕು, ನಾಲ್ಕೂ ಅಂಚಿಗೆ ಒಪ್ಪವಾಗಿ ಹೊಲಿಗೆ ಹಾಕಿದ್ದು. ಅವಳ ಕಡೆ ನೋಡದೆ, ಹಕ್ಕಿಯ ಹಿಕ್ಕೆ ಬಿಟ್ಟು ಉಳಿದದ್ದನ್ನೆಲ್ಲ ಜೋರಾಗಿ ಉಜ್ಜುತ್ತಿದ್ದ. ಎಳೆ ಬಿಸಿಲಿನಲ್ಲಿ ಅವನ ಉದ್ದನೆಯ ನೆರಳು ಹಲಗೆಗಳ ಮೇಲೆ ಅಡ್ಡ ಬಿದ್ದಿತ್ತು. ಹಿಕ್ಕೆ ಹೇಗೆ ಕೆರೆಯಬೇಕೆಂದು ಎದ್ದು ಹೋಗಿ ತೋರಿಸಬೇಕೆನಿಸಿತು. ಅವಳು ಏಳಲಿಲ್ಲ.

"ಭಾವ," ಎಂದು ಕೂಗಿದಳು, "ನನ್ನ ಬಿಸಿಲಿಗೆ ಅಡ್ಡ ನಿಂತಿದ್ದೀರಿ."

ಅವನು ಏಣಿ ಇಳಿದು, ಅದನ್ನು ಎತ್ತಿ ಹಲಗೆಗಳ ಆಚೆ ಬದಿಗೆ ಒರಗಿಸಿದ. ಪೈಪು ಮತ್ತೊಮ್ಮೆ ಕೆಮ್ಮಿತು. ಅವಳು ಅಂಗೈ ಒಡ್ಡಿಕೊಂಡೇ ಇದ್ದಳು.